ಮದ್ದಿನ ಮನೆ ನೋಡುವ ಬಗೆ

ಪಾಲಹಳ್ಳಿಯವರಾದ ನಮಗೆ ಶ್ರೀರಂಗಪಟ್ಟಣ ಅಂದರೆ ಬರೀ ‘ಪಟ್ಣ’. ಪಹಣಿಗೂ ಪಟ್ಣ, ಗೊಬ್ಬರಕ್ಕೂ ಪಟ್ಣ, ಬೆಂಗಳೂರಿನಿಂದ ಬಂದ ನೆಂಟರನ್ನು ಸುತ್ತಾಡಿಸುವುದಕ್ಕೂ ಪಟ್ಣ. ನೆಂಟರಿಗೆ ತೋರಿಸುವ ದಾರಿ ನಡೆದೂ ನಡೆದೂ ಸವೆದುಹೋಗಿದೆ: ರಂಗನಾಥಸ್ವಾಮಿ ಗುಡಿ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ, ಮರಳುವಾಗ ಹೊತ್ತಿದ್ದರೆ ರಂಗನತಿಟ್ಟು. ಈಚೆಗೆ ನಾನು ಈ ದಾರಿಗೆ ಇನ್ನೊಂದು ನಿಲುಗಡೆ ಸೇರಿಸಿದ್ದೇನೆ. ಅಲ್ಲಿ ಚಿತ್ರವಿಲ್ಲ, ಕೆತ್ತನೆಯಿಲ್ಲ. ನೆಲದೊಳಕ್ಕೆ ಅರ್ಧ ಹೂತುಕೊಂಡ ಒಂದು ಇಟ್ಟಿಗೆ ಕಟ್ಟಡ, ಅಷ್ಟೇ. ಐದು ನಿಮಿಷ ಕಳೆಯುವುದರೊಳಗೆ ನೆಂಟರು ‘ಇಲ್ಲೇನಿದೆ ನೋಡೋಕೆ?’ ಅನ್ನುತ್ತಾರೆ. ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡುವುದು ಕಷ್ಟ. ಅದಕ್ಕೇ ಈ ಬರಹ.

ಅದು ಮದ್ದಿನ ಮನೆ. ಇಂಗ್ಲಿಷಿನವರ ಬಾಯಲ್ಲಿ ಮ್ಯಾಗಜೀನ್. ನೀವು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯೂ ಮ್ಯಾಗಜೀನೇ, ಪೊಲೀಸರ ಬಂದೂಕಿಗೆ ಕೆಳಗಿಂದ ಸಿಕ್ಕಿಸುವ ಗುಂಡಿನ ಡಬ್ಬಿಯೂ ಮ್ಯಾಗಜೀನೇ. ಮೂರಕ್ಕೂ ಮೂಲ ಅರಬ್ಬಿಯ ‘ಮಖ್ಜನ್’, ಅಂದರೆ ಉಗ್ರಾಣ. ನಮ್ಮ ‘ಖಜಾನೆ’ ಅದರ ಒಡಹುಟ್ಟು. ಹಾಗಾಗಿ ಮದ್ದಿನ ಮನೆಗೆ ಖಜಾನೆ ಅಂದರೂ ತಪ್ಪಲ್ಲ. ಹೊನ್ನಿನ ಖಜಾನೆಗೆ ಕಳ್ಳರ ಭಯ, ಇದಕ್ಕೆ ಕಿಡಿಯ ಭಯ.

ಗುಂಡಿನ ಡಬ್ಬಿಯ ಮಾತು ಬಂತು. ಹಳೆಯ ಸ್ಟೆನ್‌ಗನ್ನಿನ ಕತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಬ್ರಿಟಿಷರು ಅಗ್ಗದಲ್ಲಿ, ಅವಸರದಲ್ಲಿ ಮಾಡಿದ ಬಂದೂಕು ಅದು. ಅದು ಕೈಕೊಡುತ್ತಿದ್ದುದು ಹೆಚ್ಚಾಗಿ ಡಬ್ಬಿಯಿಂದ. ಎರಡು ಸಾಲಿನಲ್ಲಿ ತುಂಬಿದ ಗುಂಡುಗಳು ಮೇಲೆ ಬರುವಷ್ಟರಲ್ಲಿ ಒಂದೇ ಸಾಲಾಗಬೇಕಿತ್ತು. ಜಾತ್ರೆಯಲ್ಲಿ ಗುಡಿಯ ಬಾಗಿಲಿಗೆ ಜನ ನುಗ್ಗಿದ ಹಾಗೆ ಬಾಯಲ್ಲೇ ಸಿಕ್ಕಿಕೊಳ್ಳುತ್ತಿದ್ದವು. 32 ಗುಂಡು ಹಿಡಿಸುವ ಡಬ್ಬಿಗೆ ಅನುಭವಸ್ಥ ಸಿಪಾಯಿಗಳು ಒಂದೆರಡು ಕಡಿಮೆಯೇ ತುಂಬುತ್ತಿದ್ದರು. ಡಬ್ಬಿಯ ತುಟಿ ಒಂದು ಕೂದಲೆಳೆ ಬಾಗಿದರೂ ಬಂದೂಕು ಕಬ್ಬಿಣದ ಕೊಳವೆಯಾಗಿಬಿಡುತ್ತಿತ್ತು. ಆಮೇಲೆ ಬಂದ ಸ್ಟರ್ಲಿಂಗ್‌ನಲ್ಲಿ, ನಮ್ಮ ಕಾನ್ಪುರದ ಕಾರ್ಖಾನೆಯೂ ತಯಾರಿಸಿದ ಕಾರ್ಬೈನಿನಲ್ಲಿ, ಗುಂಡನ್ನು ಮೇಲಕ್ಕೆ ತಳ್ಳುವ ತಟ್ಟೆಗೆ ಪುಟ್ಟ ಉರುಳೆಗಳನ್ನು ಕೂರಿಸಿ ಈ ರೋಗಕ್ಕೆ ಮದ್ದು ಕಂಡುಕೊಂಡರು. ಹಳೆಯ ಬಂದೂಕುಗಳನ್ನು ಬಲ್ಲವರು ಇವತ್ತಿಗೂ ಮೊದಲು ನೋಡುವುದು ಡಬ್ಬಿಯ ಬಾಯಿಯನ್ನು, ಬಂದೂಕಿನ ಹೊಳಪನ್ನಲ್ಲ. ಪಟ್ಟಣದ ಮದ್ದಿನ ಮನೆಯನ್ನೂ ಇದೇ ಕಣ್ಣಿನಿಂದ ನೋಡಿ ಎನ್ನುತ್ತೇನೆ.

ಟಿಪ್ಪುವಿನ ಬಂದೂಕುಗಳ ಚಿತ್ರಗಳನ್ನು ನೀವು ನೋಡಿರಬಹುದು. ಹುಲಿಪಟ್ಟೆಯ ಅಲಂಕಾರ, ಕುದುರೆಯ ಕಡೆ ಹುಲಿಮುಖ, ಮೇಲೆ ಕಾರ್ಖಾನೆಯ ಮುದ್ರೆ. ಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಕಡೆ ಅವನ ‘ತಾರಾಮಂಡಲ’ ಕಾರ್ಖಾನೆಗಳಿದ್ದವು. ಬೆಂಗಳೂರಿನ ತಾರಾಮಂಡಲಪೇಟೆಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಆದರೆ ಅವು ಚಕಮಕಿ ಬಂದೂಕುಗಳು. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕಿಡಿ ಬಟ್ಟಲಿನ ಮದ್ದಿಗೆ ಬೀಳಬೇಕು, ಆ ಉರಿ ಸೂಜಿಮೊನೆಯಂಥ ತೂತಿನಿಂದ ಕೊಳವೆಯೊಳಗೆ ಇಳಿಯಬೇಕು. ಮದ್ದು ತುಸು ಮುಗ್ಗಿದ್ದರೂ ಸಾಕು, ಬಟ್ಟಲಲ್ಲಿ ಬುಸ್ಸೆಂದು ಹೊಗೆಯೆದ್ದು ಅಲ್ಲಿಗೇ ಮುಗಿಯಿತು. ಹೊಟ್ಟೆಗೆ ಹಿಟ್ಟಿಲ್ಲದ ಜುಟ್ಟಿನ ಮಲ್ಲಿಗೆ ಆಗ ಆ ಹುಲಿಮುಖ. ಬಂದೂಕಿನ ಮಾನ ಉಳಿಸುತ್ತಿದ್ದುದು ಎಲ್ಲೋ ನೆಲದ ಕೆಳಗೆ ಕಣ್ಣಿಗೆ ಬೀಳದಂತೆ ಕೂತಿದ್ದ ಈ ಕತ್ತಲೆ ಕೋಣೆ.

ಮದ್ದನ್ನು ಮುಗ್ಗದಂತೆ ಕಾಯುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ನಮ್ಮೂರಿನವರಿಗೆ ಬೆಲ್ಲದಿಂದ ಗೊತ್ತು. ಪಾಲಹಳ್ಳಿ ಕಬ್ಬಿನ ಊರು, 19ನೆಯ ಶತಮಾನದಲ್ಲಿ ರೈತರ ಬೆಲ್ಲ ಕೊಂಡು ಸಕ್ಕರೆ ಮಾಡುವ ಕಾರ್ಖಾನೆಯೇ ಇಲ್ಲಿತ್ತು. ಆಷಾಢದ ಗಾಳಿ ಬಂತೆಂದರೆ ನಮ್ಮಜ್ಜಿ ಅಚ್ಚುಬೆಲ್ಲದ ಗಡಿಗೆಗೆ ಬಟ್ಟೆ ಬಿಗಿದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದಳು. ‘ಮಳೆಗಾಳಿ ಮೂತಿ ಕಂಡ್ರೆ ಬೆಲ್ಲ ಬೆವರ್ತದೆ ಕಣ್ಲಾ’ ಅನ್ನುತ್ತಿದ್ದಳು. ಮರೆತು ಕೆಳಗೆ ಬಿಟ್ಟ ಅಚ್ಚು ಎರಡು ವಾರಕ್ಕೆ ಮೆತ್ತಗಾಗಿ, ಮೈಯೆಲ್ಲ ಜಿನುಗಿ, ಮಣೆಗೆ ಅಂಟಿಕೊಂಡಿರುತ್ತಿತ್ತು. ಮದ್ದಿನ ಪಾಡೂ ಹೆಚ್ಚು ಕಡಿಮೆ ಇದೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರರಲ್ಲಿ ಪೆಟ್ಲುಪ್ಪಿನದೇ ದೊಡ್ಡ ಪಾಲು. ಅದನ್ನು ಸರಿಯಾಗಿ ಶೋಧಿಸದಿದ್ದರೆ ಜೊತೆಯಲ್ಲಿ ಉಳಿದ ಬೇರೆ ಉಪ್ಪುಗಳು ಗಾಳಿಯ ತೇವ ಹೀರುತ್ತವೆ. ಆದರೆ ಬೆಲ್ಲಕ್ಕೂ ಮದ್ದಿಗೂ ಒಂದು ಫರಕಿದೆ. ಬೆಲ್ಲವನ್ನು ಒಲೆಯ ಮೇಲೆ ಇಡಬಹುದು. ಮದ್ದಿಗೆ ಒಣಗಾಳಿ ಬೇಕು, ಬೆಂಕಿಯ ನೆರಳೂ ಸೋಕಬಾರದು. ಗಾಳಿ ಒಳಗೆ ಬರಬೇಕು, ಗಾಳಿಯ ಜೊತೆ ಕಿಡಿ ಬರಬಾರದು. ಬೇಕೆಂದಾಗ ಕೈಗೆ ಸಿಗಬೇಕು, ಶತ್ರುವಿನ ಗುಂಡಿಗೆ ಸಿಗಬಾರದು. ಒಂದಕ್ಕೊಂದು ಆಗಿಬರದ ಈ ಬೇಡಿಕೆಗಳನ್ನು ಇಟ್ಟಿಗೆ ಗಾರೆಯಲ್ಲಿ ಒಂದು ಮಾಡಿದ ಜಾಣತನ ಈ ಕಟ್ಟಡದ ಸೊಗಸು. ರಸಿಕನಿಗೆ ಬೇಕಾದದ್ದು ಇಷ್ಟೇ: ಒಂದೊಂದು ಗೋಡೆಯ ಮುಂದೆ ನಿಂತಾಗಲೂ ‘ಇದು ಯಾವುದಕ್ಕೆ ಹೆದರಿ ಹೀಗಿದೆ?’ ಎಂದು ಕೇಳಿಕೊಳ್ಳುವುದು.

ಮೊದಲು ದೂರದಿಂದ ನೋಡಿ. ಕಟ್ಟಡ ತಲೆಯೆತ್ತಿ ನಿಂತಿಲ್ಲ, ಕುಕ್ಕರಗಾಲಿನಲ್ಲಿ ಕೂತಿದೆ. ಮುತ್ತಿಗೆಯ ತೋಪಿನ ಗುಂಡು ನೆಲದಿಂದ ಮೇಲೆ ಕಾಣುವುದನ್ನು ಹುಡುಕಿಕೊಂಡು ಬರುತ್ತದೆ, ಆದ್ದರಿಂದ ಅರ್ಧ ಮೈ ಮಣ್ಣಿನೊಳಗೆ. ಹೂತದ್ದರಿಂದ ಇನ್ನೊಂದು ಲಾಭವೂ ಇತ್ತು, ಬೇಸಿಗೆಯ ಬಿಸಿಲಿಗೆ ಒಳಗಿನ ಗಾಳಿ ಕಾಯುತ್ತಿರಲಿಲ್ಲ. ಹಾಗೆಯೇ ಒಂದೇ ದೊಡ್ಡ ಉಗ್ರಾಣ ಕಟ್ಟದೆ ಕೋಟೆಯೊಳಗೆ ಅಲ್ಲಲ್ಲಿ ಹರಡಿದ್ದನ್ನೂ ಗಮನಿಸಿ. ಒಂದಕ್ಕೆ ಕೇಡಾದರೆ ಇನ್ನೊಂದು ಉಳಿಯಲಿ ಅನ್ನುವ ಲೆಕ್ಕ ಅದು. ನಮ್ಮ ಹಿರಿಯರು ಬಣವೆಗಳನ್ನು ಒಂದಕ್ಕೊಂದು ತಾಗದಂತೆ ಒಟ್ಟುತ್ತಿರಲಿಲ್ಲವೇ, ಹಾಗೆ.

ಇನ್ನು ಬಾಗಿಲು. ತಗ್ಗಿನ ಬಾಗಿಲು ಕಂಡರೆ ವಿನಯ ಕಲಿಸುವುದಕ್ಕೆ ಹಾಗೆ ಮಾಡಿದ್ದಾರೆ ಎಂದು ಯಾರಾದರೂ ಹೇಳಿಯಾರು, ನಂಬಬೇಡಿ. ಬಾಯಿ ಸಣ್ಣದಾದಷ್ಟೂ ಕಿಡಿ ನುಗ್ಗುವ ದಾರಿ ಸಣ್ಣದು. ಆ ಕಾಲದಲ್ಲಿ ಇಂಥ ಮನೆಗಳೊಳಗೆ ಹೋಗುವವರು ಗುಡಿಗೆ ಹೋದ ಹಾಗೆ ಪಾದರಕ್ಷೆ ಕಳಚಿಡುವುದು ಲೋಕದೆಲ್ಲೆಡೆ ಇದ್ದ ಪದ್ಧತಿ. ಲಾಳದ ಮೊಳೆಯೊಂದು ಕಲ್ಲಿಗೆ ತಾಕಿ ಕಿಡಿ ಹಾರಿದರೆ ಮುಗಿಯಿತು. ಪೀಪಾಯಿಗಳಿಗೂ ಕಬ್ಬಿಣ ಹಾಕುತ್ತಿರಲಿಲ್ಲ, ತಾಮ್ರದ್ದೋ ಮರದ್ದೋ ಬಳೆ. ಯುರೋಪಿನ ಮದ್ದಿನ ಮನೆಗಳಲ್ಲಿ ಗಾಳಿಗಂಡಿಗಳನ್ನು ನೇರ ಕೊರೆಯುತ್ತಿರಲಿಲ್ಲ. ಗೋಡೆಯ ನಡುವೆ ಒಂದು ಗಟ್ಟಿ ದಿಮ್ಮಿ ಬಿಟ್ಟು, ಗಾಳಿ ಅದನ್ನು ಸುತ್ತಿಕೊಂಡು ಬರುವಂತೆ ಮಾಡುತ್ತಿದ್ದರು. ಗಾಳಿ ತಿರುವು ತೆಗೆದುಕೊಳ್ಳುತ್ತದೆ, ಹಾರಿಬಂದ ಕಿಡಿ ದಿಮ್ಮಿಗೆ ಬಡಿದು ಸಾಯುತ್ತದೆ. ನೀವು ನೋಡುವ ಯಾವ ಮದ್ದಿನ ಮನೆಯಲ್ಲೇ ಆಗಲಿ, ಕಿಂಡಿ ಕಂಡರೆ ಬಗ್ಗಿ ನೋಡಿ. ಆಚೆಯ ಬೆಳಕು ನೇರ ಕಾಣುತ್ತದೋ ಇಲ್ಲವೋ? ನೆಂಟರ ಮಕ್ಕಳಿಗೆ ಈ ಆಟ ಬಹಳ ಇಷ್ಟ.

ಗೋಡೆಯ ಹತ್ತಿರ ಹೋಗಿ ಅಂಗೈ ಇಡಿ. ಗಾರೆ ಉದುರಿದ ಕಡೆ ಚಪ್ಪಟೆ ಇಟ್ಟಿಗೆಗಳು ಕಾಣುತ್ತವೆ, ನಡುವೆ ಸುಣ್ಣದ ದಪ್ಪ ಪದರ. ಸಿಮೆಂಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಣ್ಣ ಉಸಿರಾಡುತ್ತದೆ. ನಮ್ಮ ಕಡೆ ಹಳೆಯ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವ ರೂಢಿಯಿತ್ತು. ಮಳೆಗಾಲದಲ್ಲಿ ಬೆವರುವ ಬೆಲ್ಲವೇ ಗಾರೆಯೊಳಗೆ ಸೇರಿದರೆ ಗೋಡೆಯನ್ನು ಬಿಗಿಯುತ್ತದೆ ಅನ್ನುವುದು ನಮ್ಮಜ್ಜಿಗೆ ಗೊತ್ತಿದ್ದಿದ್ದರೆ ಏನನ್ನುತ್ತಿದ್ದಳೋ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಒಮ್ಮೆ ಕೇಡು ತಪ್ಪಲಿಲ್ಲ. 1799ರ ಮೇ 2ರಂದು, ಕೋಟೆ ಬೀಳುವ ಎರಡು ದಿನ ಮೊದಲು, ಇಂಗ್ಲಿಷರ ಗುಂಡೊಂದು ಒಳಗಿದ್ದ ಬಾಣಗಳ ದಾಸ್ತಾನಿಗೆ ಬಡಿಯಿತು. ಬಾಣ ಅಂದರೆ ಬಿಲ್ಲಿನದಲ್ಲ, ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ರಾಕೆಟ್ಟು. ಬಾಣಬಿರುಸು ಅನ್ನುವ ಮಾತಿನಲ್ಲಿ ಇರುವುದೂ ಅದೇ ಬಾಣ. ಭಾರಿ ಸದ್ದಿನೊಡನೆ ಕಪ್ಪು ಹೊಗೆಯ ಗುಡ್ಡವೇ ಎದ್ದಿತು. ಮೇ 4ರ ಮಧ್ಯಾಹ್ನ ಶತ್ರುಗಳು ಬಿರುಕಿನಿಂದ ನುಗ್ಗಿದರು, ಟಿಪ್ಪು ಮಡಿದ. ಗೆದ್ದವರು ಆಮೇಲೆ ಕೂತು ಪಟ್ಟಿ ಬರೆದರು: 929 ತೋಪು, ಐದು ಲಕ್ಷ ಪೌಂಡಿಗೂ ಮೀರಿದ ಮದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಅಂಕಿ. ಸುಮಾರು ಒಂದು ತಿಂಗಳ ಮುತ್ತಿಗೆ, ಮೇಲೆ ಬೀಳುವ ಗುಂಡಿನ ಮಳೆ, ಅದರ ನಡುವೆ ಅಷ್ಟು ಮದ್ದು ಸಿಡಿಯದೆ ಉಳಿದಿತ್ತು. ಚರಿತ್ರೆ ಸಿಡಿದದ್ದನ್ನು ಬರೆದಿಡುತ್ತದೆ, ಸಿಡಿಯದ ಮನೆಗಳಿಗೆ ಒಂದು ಸಾಲೂ ಇಲ್ಲ.

ರುಚಿ ಹತ್ತಿದವರು ಬೇರೆ ಊರುಗಳನ್ನೂ ಜೊತೆಗಿಟ್ಟು ನೋಡಬೇಕು. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ 1792ರದ್ದು, ಎಂಟು ಮೂಲೆಯ ನಕ್ಷತ್ರದಾಕಾರ. ಮಲೆನಾಡಿನ ಮಳೆಯಲ್ಲೂ ಮದ್ದು ಕಾಯಬೇಕಾಗಿದ್ದ ನೆಲಮನೆಗಳು ಅದರ ನಡುವೆಯೇ ಇವೆ. ಚಿತ್ರದುರ್ಗದಲ್ಲಿ ಮದ್ದು ಬೀಸುವ ಕಲ್ಲುಗಳಿವೆ, ಒಂದೊಂದೂ ಆಳೆತ್ತರ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳನ್ನು ಹೊರತೆಗೆದರು. ಮದ್ದಿನ ಮನೆಯ ಮರ್ಯಾದೆ ತಿಳಿಯಬೇಕಾದರೆ ಆ ತುಕ್ಕು ಹಿಡಿದ ರಾಶಿಯ ಫೋಟೋ ಒಂದನ್ನು ನೋಡಿದರೂ ಸಾಕು.

ಪಟ್ಟಣದ ಮದ್ದಿನ ಮನೆಗಳಲ್ಲಿ ಒಂದಕ್ಕಂತೂ ಸ್ವಂತ ಕತೆಯಿದೆ. ಬೆಂಗಳೂರು-ಮೈಸೂರು ಜೋಡಿ ರೈಲುಹಳಿಯ ಕೆಲಸ ಎಲ್ಲ ಕಡೆ ಮುಗಿಯುತ್ತ ಬಂದು ಪಟ್ಟಣದಲ್ಲಿ ಮುಗ್ಗರಿಸಿತು. ಹಳಿ ಹೋಗಬೇಕಾದ ಜಾಗದಲ್ಲೇ ಇದು ಕೂತಿತ್ತು. ಒಡೆಯುವ ಹಾಗಿಲ್ಲ, ಬಳಸಿ ಹೋಗಲು ದಾರಿಯಿಲ್ಲ. ಕೊನೆಗೆ ಎತ್ತಿಯೇ ಇಡುವುದೆಂದು ತೀರ್ಮಾನವಾಯಿತು. ದೆಹಲಿಯ ಒಂದು ಕಂಪನಿ, ಅಮೆರಿಕದಲ್ಲಿ ಮನೆಗಳನ್ನೇ ಜರುಗಿಸುವ ವುಲ್ಫ್ ಎಂಬ ಕಂಪನಿ, ಇಬ್ಬರೂ ಸೇರಿ ಸುತ್ತಲ ಮಣ್ಣು ತೆಗೆದರು, ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿದರು, ಜಾಕ್ ಹಚ್ಚಿ ಎತ್ತಿದರು. 2017ರಲ್ಲಿ ಸುಮಾರು 1000 ಟನ್ ತೂಕದ ಇಟ್ಟಿಗೆ ಗಾರೆ ಇಡಿಯಾಗಿ ಸುಮಾರು 130 ಮೀಟರ್ ಜರುಗಿತು. ನಮ್ಮೂರಿನ ಟೀ ಅಂಗಡಿಯಲ್ಲಿ ಇಂಚಿನ ಲೆಕ್ಕದಲ್ಲಿ ಬಾಜಿ ಕಟ್ಟಿದವರೂ ಇದ್ದರು. ತೇರು ಎಳೆದು ಗೊತ್ತಿರುವ ಜನಕ್ಕೆ ಸಾವಿರ ಟನ್ನಿನ ತೇರು ಹೊಸದು ನೋಡಿ.

ಅದನ್ನು ನೋಡುವಾಗ ಒಂದು ಮಾತು ನೆನಪಿರಲಿ. ಗೋಡೆ, ಬಾಗಿಲು, ಗಾರೆ ಎಲ್ಲ ಅಸಲಿ. ಕೋಟೆಗೋಡೆಗೂ ಸುತ್ತಲಿನ ಬೇರೆ ಕಟ್ಟಡಗಳಿಗೂ ಅದು ಇಟ್ಟುಕೊಂಡಿದ್ದ ದೂರ ಮಾತ್ರ ಈಗ ಅಸಲಿ ಅಲ್ಲ. ಆ ದೂರವೂ ಕಟ್ಟಿದವರ ವಿದ್ಯೆಯ ಭಾಗವೇ ಆಗಿತ್ತು. ಹಾಗಾಗಿ ಜರುಗಿಸಿದ್ದನ್ನು ನೋಡಿದ ಮೇಲೆ ಜರುಗದೆ ಉಳಿದ ಒಂದನ್ನಾದರೂ ನೋಡಿ. ಬೀಗ ಹಾಕಿದ್ದರೆ ಹೊರಗಿನಿಂದಲೇ ಸುತ್ತು ಬನ್ನಿ. ಮೇಲೆ ಹತ್ತಬೇಡಿ, ಹೆಸರು ಕೊರೆಯಬೇಡಿ, ಒಳಗೆ ಹೋಗಲು ಬಿಟ್ಟರೆ ಟಾರ್ಚ್ ಇರಲಿ. ಹೋಗುವುದಾದರೆ ಬೇಸಿಗೆ ರಜೆಯಲ್ಲಿ ಬೇಡ. ಜಡಿಮಳೆ ಬಿಟ್ಟ ಮರುದಿನ ಹೋಗಿ. ಮಳೆಗಾಲವನ್ನು ಗೆಲ್ಲಲು ಕಟ್ಟಿದ ಮನೆಯನ್ನು ಒಣಹವೆಯಲ್ಲಿ ನೋಡಿದರೆ ಏನೂ ತಿಳಿಯದು. ಚಪ್ಪಲಿ ಮಾತ್ರ ಕಳಚಬೇಡಿ, ಮುಳ್ಳಿರುತ್ತದೆ.