ಎಂಜಲಿನ ಮುಂದೆ ಕೃತಜ್ಞತಾಸ್ತುತಿ

ಫಿಲಿಪ್ಪೀನ್ಸ್ ದೇಶದ ಫರ್ಡಿನಂಡ್ ದಿಮಾದುರ 2005ರಲ್ಲಿ ನಿರ್ದೇಶಿಸಿದ ‘ಚಿಕನ್ ಆ ಲಾ ಕಾರ್ಟ್’ ಸುಮಾರು ಆರು ನಿಮಿಷಗಳ ಕಿರುಚಿತ್ರ. 2006ರ ಬರ್ಲಿನ್ ಚಿತ್ರೋತ್ಸವದಲ್ಲಿ, ಆಹಾರ ಮತ್ತು ಹಸಿವನ್ನು ಕುರಿತ ಸ್ಪರ್ಧೆಯಲ್ಲಿ ಅದು ಗಮನ ಸೆಳೆಯಿತು. ಧ್ಯಾನಕೂಟಗಳಿಗೂ ಪ್ರಬೋಧನೆಗೂ ಒದಗುವಂತಹ ಕೃತಿಯಾದ್ದರಿಂದಲೇ ನಾವು ಅದನ್ನು ಎಚ್ಚರದಿಂದ ಪರಿಶೀಲಿಸಬೇಕಾಗಿದೆ.

ಕಥೆ ಸರಳ. ಇಬ್ಬರು ಯುವತಿಯರು ಫಾಸ್ಟ್ ಫುಡ್ ಹೋಟೆಲಿನಲ್ಲಿ ಕೋಳಿಮಾಂಸ ತರಿಸಿಕೊಂಡು, ಅರ್ಧಂಬರ್ಧ ತಿಂದು ಎದ್ದುಹೋಗುತ್ತಾರೆ. ಅನಂತರ ಬಡವನೊಬ್ಬ ಅಲ್ಲಿನ ಉಳಿಕೆಯನ್ನು ಆಯ್ದು ತನ್ನ ಕೇರಿಗೆ ಒಯ್ಯುತ್ತಾನೆ. ಮಕ್ಕಳು ಓಡಿಬಂದು ಮುತ್ತಿಕೊಳ್ಳುತ್ತಾರೆ. ಮನೆಯಲ್ಲಿ ಆ ಎಂಜಲೇ ಊಟ. ತಿನ್ನುವ ಮೊದಲು ಕುಟುಂಬವು ಪ್ರಾರ್ಥಿಸುತ್ತದೆ. ಮನಿಲಾದ ಬಡವರು ಇಂತಹ ಆಹಾರವನ್ನು ‘ಪಗ್‌ಪಗ್’ ಎನ್ನುತ್ತಾರೆ. ಧೂಳು ಕೊಡವುವುದು ಎಂದು ಆ ಪದದ ಅರ್ಥ.

ಯುವತಿಯರನ್ನು ದುಷ್ಟರನ್ನಾಗಿ ಚಿತ್ರಿಸದಿರುವುದು ಈ ಕೃತಿಯ ಬಲ. ಸಂತ ಲೂಕರ ಶುಭಸಂದೇಶದ ಧನಿಕನೂ ಲಾಜರನನ್ನು ಹೊಡೆದವನಲ್ಲ. ತನ್ನ ಬಾಗಿಲಲ್ಲಿ ಬಿದ್ದಿದ್ದವನನ್ನು ಲೆಕ್ಕಿಸದೆ ಉಂಡವನು. ಇಲ್ಲಿಯಾದರೋ ನಡುವೆ ಬಾಗಿಲೂ ಇಲ್ಲ. ಬಿಸಾಡಿದವರು ಆಯ್ದುಕೊಂಡವನ ಮುಖವನ್ನೇ ಕಾಣುವುದಿಲ್ಲ. ಕೊಳ್ಳುಬಾಕ ಸಂಸ್ಕೃತಿಯ ಕ್ರೌರ್ಯ ಈ ಅಂತರದಲ್ಲಿ ಅಡಗಿದೆ.

ಚಿತ್ರದ ದೌರ್ಬಲ್ಯ ಅದರ ಹಾಡಿನಲ್ಲಿದೆ. ಅದು ನಮ್ಮಿಂದ ಕಣ್ಣೀರನ್ನು ಒತ್ತಾಯದಿಂದ ಪಡೆಯುತ್ತದೆ. ಈ ಹಸಿವು ಏಕೆ ಎಂಬ ಪ್ರಶ್ನೆ ಆ ಕಣ್ಣೀರಿನಲ್ಲೇ ಕರಗಿಹೋಗುತ್ತದೆ. ಆಗ ಕೊನೆಯ ಪ್ರಾರ್ಥನೆಯೂ ನಮಗೆ ಸಾಂತ್ವನವಾಗಿಬಿಡುವ ಅಪಾಯವಿದೆ. ‘ಅವರೇ ಇಷ್ಟು ಕೃತಜ್ಞರಾಗಿರುವಾಗ ನಾವು ಗೊಣಗಬಹುದೇ?’ ಎಂದು ಬೋಧಿಸುವುದು ಸುಲಭ. ಆದರೆ ಹಾಗೆ ಬೋಧಿಸಿದರೆ, ಉಂಡವರಿಗೆ ತೃಪ್ತಿಯನ್ನು ಕಲಿಸಲು ಹಸಿದವರನ್ನು ಬಳಸಿಕೊಂಡಂತೆಯೇ ಸರಿ.

ಆ ಕುಟುಂಬವು ದೇವರನ್ನು ಸ್ತುತಿಸಿತು. ತನ್ನನ್ನು ಎಂಜಲಿಗೆ ನೂಕಿದ ವ್ಯವಸ್ಥೆಯನ್ನಲ್ಲ. ಐದು ರೊಟ್ಟಿಗಳ ಅದ್ಭುತದಲ್ಲಿ ಎಲ್ಲರೂ ತೃಪ್ತರಾದ ಮೇಲೆ, ಏನೂ ಹಾಳಾಗದಂತೆ ತುಂಡುಗಳನ್ನು ಕೂಡಿಸಲು ಪ್ರಭು ಆಜ್ಞಾಪಿಸಿದರು. ಇಲ್ಲಿ ಕೆಲವರಷ್ಟೇ ತೃಪ್ತರಾದುದರಿಂದ ಉಳಿದವರು ತುಂಡುಗಳನ್ನು ಆಯಬೇಕಾಗಿದೆ. ಒಬ್ಬ ಹಸಿದಿರಲು ಇನ್ನೊಬ್ಬ ಕುಡಿದು ಮತ್ತನಾಗುವ ಕೂಟ ಪ್ರಭುಭೋಜನವೇ ಅಲ್ಲವೆಂದು ಸಂತ ಪೌಲರು ಕೊರಿಂಥದವರನ್ನು ಗದರಿಸಿದ್ದರು. ಪ್ರತಿದಿನ ಬಲಿಪೀಠದಲ್ಲಿ ರೊಟ್ಟಿಯನ್ನು ಹಿಡಿದು ಕೃತಜ್ಞತಾಸ್ತುತಿ ಸಲ್ಲಿಸುವ ನಮ್ಮನ್ನು ಆ ಕುಟುಂಬದ ಸ್ತುತಿ ತೀರ್ಪಿಗೆ ಒಳಪಡಿಸುತ್ತದೆ.

ಆದ್ದರಿಂದ ಈ ಚಿತ್ರವನ್ನು ತೋರಿಸುವವರು ಪ್ರೇಕ್ಷಕರ ಕಣ್ಣೀರಿಗೆ ತೃಪ್ತರಾಗಬಾರದು. ನಮ್ಮ ಧರ್ಮಕೇಂದ್ರದ ಹಬ್ಬದೂಟದಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ, ಆ ಪಂಕ್ತಿಗೆ ನಾವು ಯಾರನ್ನು ಕರೆಯಲಿಲ್ಲ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿಣವಾದುದು.