ನೆರಳಿನ ಹಾದಿಗೊಂದು ತಂಪು ಕನ್ನಡಕ

ಭಾನುವಾರ ಬೆಳಗಿನ ಜಾವ ಐದಕ್ಕೆ ಹೆಬ್ಬಾಳ ದಾಟಿ ನಂದಿಬೆಟ್ಟದತ್ತ ಹೊರಡುವ ಸೈಕಲ್ ಸವಾರರಿಗೆ ಮೊದಲ ಗಂಟೆಯೆಲ್ಲ ಕತ್ತಲೆಯೇ. 1,478 ಮೀಟರ್ ಎತ್ತರದ ಬೆಟ್ಟದ ತಿರುವುಗಳನ್ನು ಹತ್ತುವಾಗ ಮಂಜು ಮುಸುಕಿರುತ್ತದೆ, ತುದಿ ಮುಟ್ಟುವಷ್ಟರಲ್ಲಿ ಎಳೆಬಿಸಿಲು ಬಿದ್ದಿರುತ್ತದೆ. ಇಳಿದು ದೇವನಹಳ್ಳಿ ಕಡೆಗೆ ಮರಳುವ ಹೊತ್ತಿಗೆ ಡಾಂಬರಿನ ಮೇಲೆ ಕಣ್ಣು ಬಿಡಲಾಗದಂಥ ಝಳ. ಒಂದೇ ಸವಾರಿಯಲ್ಲಿ ನಾಲ್ಕು ಬಗೆಯ ಬೆಳಕು. ಆದರೂ ಹೆಚ್ಚಿನವರು ಕನ್ನಡಕ ಕೊಳ್ಳುವುದು ಆ ಕೊನೆಯ ಗಂಟೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು. ಅಂಗಡಿ ಬಾಗಿಲಲ್ಲಿ ನಿಂತು, ಹಾಕಿಕೊಂಡು, ಬಿಸಿಲಿಗೆ ಮುಖ ಮಾಡಿ ನೋಡುತ್ತಾರೆ. ಯಾವುದು ಹೆಚ್ಚು ತಂಪೆನಿಸಿತೋ ಅದಕ್ಕೇ ದುಡ್ಡು ಕೊಡುತ್ತಾರೆ.

ಈ ಅಂಕಣದ ಸಲಹೆ ಇದಕ್ಕೆ ತದ್ವಿರುದ್ಧ. ರೋಡ್ ಸೈಕ್ಲಿಂಗ್‌ಗೆ ಕನ್ನಡಕ ಕೊಳ್ಳುವವರು ತಮ್ಮ ಹಾದಿಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವ ಜಾಗವನ್ನಲ್ಲ, ಅತಿ ಹೆಚ್ಚು ನೆರಳಿರುವ ಜಾಗವನ್ನು ನೆನೆದು ಆರಿಸಬೇಕು.

ಕಾರಣ ಸರಳ. ಗಾಜು ಬೇಕಾದದ್ದಕ್ಕಿಂತ ತುಸು ತಿಳಿಯಾಗಿದ್ದರೆ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹೇಗೋ ಸಾಗಬಹುದು. ಬೇಕಾದದ್ದಕ್ಕಿಂತ ಕಪ್ಪಾಗಿದ್ದರೆ ನೆರಳಲ್ಲಿ ಗುಂಡಿಯೇ ಕಾಣುವುದಿಲ್ಲ. ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಇಳಿದವರಿಗೆ ಇದು ಗೊತ್ತು. ಒಂದು ತಿರುವಿನಲ್ಲಿ ಬಿಸಿಲು ಮುಖಕ್ಕೆ ಹೊಡೆದರೆ ಮುಂದಿನದರಲ್ಲಿ ಮರಗಳ ಚಪ್ಪರದಡಿ ರಸ್ತೆಯ ತುಂಬ ಚುಕ್ಕೆ ಚುಕ್ಕೆ ನೆರಳು. ಅಲ್ಲಿ ಒದ್ದೆ ಎಲೆ ಯಾವುದು, ಕಿತ್ತುಹೋದ ಜಲ್ಲಿ ಯಾವುದು, ಬರೀ ನೆರಳು ಯಾವುದು ಎಂದು ಕಣ್ಣು ಆ ಕ್ಷಣದಲ್ಲೇ ಬಿಡಿಸಿ ಹೇಳಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಇಳಿಯುವ ಸೈಕಲ್ಲು ಅರ್ಧ ಸೆಕೆಂಡಿನಲ್ಲಿ ಸುಮಾರು ಏಳು ಮೀಟರ್ ಮುಂದೆ ಹೋಗಿರುತ್ತದೆ.

ಕಪ್ಪಿನ ಅಳತೆಯನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ನಿಯಮಬದ್ಧವಾಗಿ ತಯಾರಾದ ಕನ್ನಡಕದ ಕಡ್ಡಿಯ ಒಳಮೈಯಲ್ಲಿ ಅಥವಾ ಅದರ ಚೀಟಿಯಲ್ಲಿ 0ರಿಂದ 4ರವರೆಗಿನ ಒಂದು ಕೆಟಗರಿ ಸಂಖ್ಯೆ ಇರುತ್ತದೆ. ಮೇಲೆ ಬಿದ್ದ ಬೆಳಕಿನಲ್ಲಿ ಶೇ 80ಕ್ಕಿಂತ ಹೆಚ್ಚನ್ನು ಒಳಗೆ ಬಿಡುವುದು ಕೆಟಗರಿ 0, ಶೇ 43ರಿಂದ 80ರಷ್ಟನ್ನು ಬಿಡುವುದು 1, ಶೇ 18ರಿಂದ 43ರಷ್ಟನ್ನು ಬಿಡುವುದು 2. ಪೇಟೆಯಲ್ಲಿ ಹೇರಳವಾಗಿ ಸಿಗುವ ಕೆಟಗರಿ 3ರ ಗಾಜು ಬಿಡುವುದು ಶೇ 8ರಿಂದ 18 ಮಾತ್ರ. ಹಿಮಬೆಟ್ಟಗಳಿಗೆಂದೇ ಇರುವ 4ರದ್ದು ಇನ್ನೂ ಕಡಿಮೆ, ಅದನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ. ವಿಜಯಪುರ, ಬಾಗಲಕೋಟೆಯ ಬಟಾಬಯಲು ರಸ್ತೆಗಳಲ್ಲಿ ಹಗಲು ಹತ್ತರ ಮೇಲೆ ಅಭ್ಯಾಸ ಮಾಡುವವರಿಗೆ ಕೆಟಗರಿ 3 ಸರಿಯಾದ ಆಯ್ಕೆ. ನಾಡಿಗೆ ಒಳ್ಳೊಳ್ಳೆಯ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಆ ಸೀಮೆಯಲ್ಲಿ ನೆರಳೇ ಅಪರೂಪ. ಮಲೆನಾಡಿನವರಿಗೆ, ಬೆಳಗಿನ ಜಾವ ಹೊರಡುವ ಬೆಂಗಳೂರಿಗರಿಗೆ, ಮೋಡ ಕವಿದ ಜುಲೈ ತಿಂಗಳಿಗೆ ಅದು ಅತಿಯಾಯಿತು. ಅವರಿಗೆ ಕೆಟಗರಿ 1 ಅಥವಾ 2 ಒಪ್ಪುತ್ತದೆ. ಜೊತೆಗೊಂದು ಬಣ್ಣವಿಲ್ಲದ ಗಾಜು ಇರಲೇಬೇಕು.

ಬಣ್ಣವಿಲ್ಲದ ಗಾಜಿಗೆ ದುಡ್ಡೇಕೆ ಎಂದು ಕೇಳುವವರಿದ್ದಾರೆ. ಸೈಕಲ್ ಸವಾರರ ಕನ್ನಡಕ ಹುಟ್ಟಿದ್ದೇ ಗಾಳಿ, ದೂಳು ತಡೆಯಲಿಕ್ಕೆ. ಮಣ್ಣುರಸ್ತೆಗಳ ಕಾಲದ ಟೂರ್ ಡಿ ಫ್ರಾನ್ಸ್ ಸವಾರರು ದೂಳಿಗಾಗಿ ಗಾಗಲ್ ಕಟ್ಟಿಕೊಳ್ಳುತ್ತಿದ್ದರು. ಇಂದಿನ ರೂಪ ಬಂದದ್ದು ಕೂಡ ಮೋಟೊಕ್ರಾಸ್ ಬೈಕಿನ ದೂಳಿನಿಂದಲೇ. 1975ರಲ್ಲಿ ಅಮೆರಿಕದ ಜಿಮ್ ಜನಾರ್ಡ್ ಓಕ್ಲಿ ಕಂಪನಿ ಕಟ್ಟಿದಾಗ ಮಾರಲು ಹೊರಟದ್ದು ಬೈಕ್ ಹ್ಯಾಂಡಲಿನ ರಬ್ಬರ್ ಹಿಡಿಕೆಗಳನ್ನು. ಬೆವರಿದಷ್ಟೂ ಬಿಗಿಯಾಗಿ ಕಚ್ಚಿಕೊಳ್ಳುವ ರಬ್ಬರ್ ಅದು. ಆಮೇಲೆ ಕಂಪನಿ ಗಾಗಲ್ ಮಾಡಿತು. 1984ರಲ್ಲಿ ಗಾಗಲಿನಂಥದೇ ಅಗಲ ಗಾಜಿಗೆ ಎರಡು ಕಡ್ಡಿ ಸೇರಿಸಿ ಐಶೇಡ್ ಎಂಬ ಕನ್ನಡಕ ತಂದಿತು. ಹಿಡಿಕೆಯ ಆ ರಬ್ಬರನ್ನೇ ಇಂದಿಗೂ ಮೂಗಿನ ಪ್ಯಾಡಿಗೆ, ಕಿವಿಯ ತುದಿಗೆ ಬಳಸುತ್ತದೆ. 1986ರಲ್ಲಿ ಟೂರ್ ಗೆದ್ದ ಮೊದಲ ಅಮೆರಿಕನ್ ಗ್ರೆಗ್ ಲೆಮಾಂಡ್ ಈ ಕನ್ನಡಕವನ್ನು ಜಗತ್ತಿಗೇ ಪರಿಚಯಿಸಿದ. 1989ರ ಟೂರ್‌ನ ಕೊನೆಯ ದಿನ, ವರ್ಸೈಯಿಂದ ಪ್ಯಾರಿಸ್‌ವರೆಗಿನ 24.5 ಕಿ.ಮೀ. ಒಂಟಿ ಓಟಕ್ಕೆ ಲೆಮಾಂಡ್ ಇಳಿದದ್ದು 50 ಸೆಕೆಂಡುಗಳ ಹಿನ್ನಡೆಯೊಂದಿಗೆ, ಮುಖಕ್ಕೆ ಓಕ್ಲಿ ತೊಟ್ಟು. ದುಂಡು ಕನ್ನಡಕದಿಂದಾಗಿ ‘ಪ್ರೊಫೆಸರ್’ ಎನಿಸಿಕೊಂಡಿದ್ದ ಲೊರಾಂ ಫಿನ್ಯೋನನ್ನು ಅವನು ಒಟ್ಟಾರೆ 8 ಸೆಕೆಂಡುಗಳಿಂದ ಸೋಲಿಸಿದ. ಆ ಗೆಲುವು ಕನ್ನಡಕದ್ದೆಂದು ಯಾರೂ ಹೇಳುವುದಿಲ್ಲ. ಆದರೆ ಅಂದಿನ ಚಿತ್ರಗಳನ್ನು ಕಂಡವರ ಮನಸ್ಸಿನಲ್ಲಿ ಸೈಕಲ್ ಸವಾರನ ಮುಖ ಹೇಗಿರಬೇಕೆಂಬುದು ಬದಲಾಯಿತು.

ನಮ್ಮ ರಸ್ತೆಗಳಲ್ಲಂತೂ ಈ ಗಾಳಿತಡೆಯ ಕೆಲಸ ದಿನನಿತ್ಯದ್ದು. ಮುಂದೆ ಹೋಗುವ ಟಿಪ್ಪರಿನಿಂದ ಉದುರುವ ಎಂ-ಸ್ಯಾಂಡ್, ಸಂಜೆ ಕೆರೆ ಏರಿಯ ಮೇಲೆ ಗುಂಪುಗಟ್ಟಿ ಹಾರುವ ನುಸಿ, ಬಸ್ಸಿನ ಚಕ್ರ ಸಿಡಿಸುವ ಕಲ್ಲುಹರಳು. ಬಿಸಿಲು, ದೂಳು, ಗಾಳಿ ಮೂರಕ್ಕೂ ವರ್ಷಗಟ್ಟಲೆ ಒಡ್ಡಿಕೊಂಡ ಕಣ್ಣಿನಲ್ಲಿ ಬಿಳಿಭಾಗದಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯುವುದುಂಟು, ವೈದ್ಯರು ಅದನ್ನು ಟೆರಿಜಿಯಂ ಎನ್ನುತ್ತಾರೆ. ಕಲ್ಲುಹರಳು ಸಿಡಿಯುವ ಇಂಥ ರಸ್ತೆಗಳಲ್ಲಿ, ಗಾಜು ಎಂದು ಬಾಯಿಮಾತಿಗೆ ಕರೆದರೂ ಅದು ನಿಜವಾದ ಗಾಜಾಗಿರಬಾರದು. ಏಟಿಗೆ ಚೂರಾಗದ ಪಾಲಿಕಾರ್ಬೊನೇಟ್ ಬೇಕು. ಇದರ ಇನ್ನೊಂದು ಗುಣ, ಬಣ್ಣವಿಲ್ಲದಿದ್ದರೂ ಅತಿನೇರಳೆ ಕಿರಣಗಳನ್ನು ಬಹುಪಾಲು ತಾನೇ ಹೀರಿಕೊಳ್ಳುತ್ತದೆ. ಬಣ್ಣ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಅತಿನೇರಳೆಯ ರಕ್ಷಣೆಗೆ ನೋಡಬೇಕಾದದ್ದು ಯುವಿ 400 ಎಂಬ ಗುರುತನ್ನು.

ಇನ್ನು ಅಂಗಡಿಯಲ್ಲಿ ಮಾಡಲೇಬೇಕಾದ ಒಂದು ಪರೀಕ್ಷೆ. ನೆಟ್ಟಗೆ ನಿಂತು ಕನ್ನಡಿ ನೋಡಿಕೊಂಡರೆ ಏನೂ ತಿಳಿಯುವುದಿಲ್ಲ. ಸೊಂಟ ಬಗ್ಗಿಸಿ, ಕೈಗಳನ್ನು ಡ್ರಾಪ್ ಹ್ಯಾಂಡಲ್ ಹಿಡಿದಂತೆ ಮುಂದೆ ಚಾಚಿ, ಗದ್ದ ಎದೆಯತ್ತ ಇಳಿಸಿ, ಆ ಭಂಗಿಯಲ್ಲೇ ಅಂಗಡಿಯ ಎದುರು ಗೋಡೆ ನೋಡಬೇಕು. ಆಗ ಕಣ್ಣು ಹಾಯುವುದು ಗಾಜಿನ ಮೇಲಂಚಿನಿಂದ, ಹುಬ್ಬಿನ ಹತ್ತಿರದಿಂದ. ದಪ್ಪ ಮೇಲ್ಪಟ್ಟಿಯ ಫ್ರೇಮು ಸರಿಯಾಗಿ ಅಲ್ಲೇ, ಮುಂದಿನ ಐವತ್ತು ಮೀಟರ್ ರಸ್ತೆ ಇರಬೇಕಾದ ಜಾಗದಲ್ಲೇ, ಅಡ್ಡ ಕೂತಿರುತ್ತದೆ. ಟೂರ್‌ನಲ್ಲಿ 35 ಹಂತ ಗೆದ್ದು ದಾಖಲೆ ಬರೆದ ಮಾರ್ಕ್ ಕ್ಯಾವೆಂಡಿಶ್ ಜೊತೆ ಸೇರಿ ಓಕ್ಲಿ ರೂಪಿಸಿದ ಜಾಬ್ರೇಕರ್ ಕನ್ನಡಕ ಅಷ್ಟು ಎತ್ತರವಿರುವುದು ಇದೇ ಕಾರಣಕ್ಕೆ. ತಲೆ ತಗ್ಗಿಸಿ ನುಗ್ಗುವ ಸ್ಪ್ರಿಂಟರ್‌ಗೆ ನೋಟ ಬೇಕಾದದ್ದು ಮೇಲ್ಗಡೆಯೇ. ಊರಿನ ಸವಾರರಿಗೆ ಆ ಬ್ರ್ಯಾಂಡ್ ಬೇಕಿಲ್ಲ. ಮೇಲ್ಪಟ್ಟಿ ಇಲ್ಲದ, ಅಥವಾ ತೀರಾ ತೆಳ್ಳಗಿರುವ ಎತ್ತರದ ಗಾಜು ಸಾಕು.

ಅದೇ ಭಂಗಿಯಲ್ಲಿ ತಲೆಯನ್ನೊಮ್ಮೆ ಜೋರಾಗಿ ಕೊಡವಬೇಕು. ಮೂಗಿನಿಂದ ಜಾರಿದರೆ ಬೇಡ. ಪ್ಯಾಡನ್ನು ಹಿಗ್ಗಿಸಿ ಕುಗ್ಗಿಸಲು ಬರುವಂತಿದ್ದರೆ ಒಳ್ಳೆಯದು, ಯುರೋಪಿನ ಮೂಗಿಗೆಂದು ಮಾಡಿದ ಅಚ್ಚು ಎಲ್ಲರಿಗೂ ಕೂರುವುದಿಲ್ಲ. ರೆಪ್ಪೆಗೂದಲು ಗಾಜಿಗೆ ತಾಗುತ್ತಿದ್ದರೂ ಬೇಡ. ಹೆಲ್ಮೆಟನ್ನು ಮನೆಯಲ್ಲಿ ಬಿಟ್ಟು ಕನ್ನಡಕ ಕೊಳ್ಳಲು ಹೋಗುವುದರಲ್ಲಿ ಅರ್ಥವೇ ಇಲ್ಲ. ಕಡ್ಡಿಯ ತುದಿ ಹೆಲ್ಮೆಟ್ಟಿನ ಹಿಂಬದಿಯ ಬಿಗಿಪಟ್ಟಿಗೆ ತಾಕಿದರೆ ಪ್ರತಿ ಕುಲುಕಿಗೂ ಕನ್ನಡಕ ಮೇಲೇಳುತ್ತದೆ.

ಬಣ್ಣಗಳ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬೂದು ಗಾಜು ಬಣ್ಣಗಳನ್ನು ಇದ್ದಂತೆಯೇ ತೋರಿಸುತ್ತದೆ. ಕಂದು, ಗುಲಾಬಿ ಛಾಯೆಯವು ನೀಲಿಯನ್ನು ತಗ್ಗಿಸಿ ಡಾಂಬರಿನ ಒರಟು ನಯಗಳನ್ನು ಎತ್ತಿ ತೋರಿಸುವುದರಿಂದ ರಸ್ತೆಗೆ ಅವೇ ಮೇಲು. ಹಳದಿ ಗಾಜು ಕತ್ತಲಲ್ಲಿ ಬೆಳಕು ಹೆಚ್ಚಿಸುತ್ತದೆಂಬ ನಂಬಿಕೆ ಹುಸಿ, ಯಾವ ಗಾಜೂ ಇಲ್ಲದ ಬೆಳಕನ್ನು ತರಲಾರದು. ಪೋಲರೈಸ್ಡ್ ಗಾಜು ನೀರಿನ ಮೇಲಿನ ಪ್ರತಿಫಲನವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ರಸ್ತೆಯಲ್ಲಿ ಚೆಲ್ಲಿದ ಎಣ್ಣೆ, ಒದ್ದೆ ತೇಪೆ ಇವುಗಳ ಸುಳಿವು ಸಿಗುವುದು ಆ ಹೊಳಪಿನಿಂದಲೇ. ಸೈಕಲ್ ಕಂಪ್ಯೂಟರಿನ ಪರದೆಯೂ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುತ್ತದೆ. ಪೋಲರೈಸ್ಡ್ ಗಾಜು ಮೀನು ಹಿಡಿಯುವವರಿಗಿರಲಿ.

ಫೋಟೊಕ್ರೊಮಿಕ್ ಗಾಜು, ಅಂದರೆ ಬಿಸಿಲಿಗೆ ತಾನೇ ಕಪ್ಪಾಗಿ ನೆರಳಿಗೆ ತಿಳಿಯಾಗುವಂಥದ್ದು, ನಂದಿಬೆಟ್ಟದ ಸವಾರಿಗೆ ಹೇಳಿ ಮಾಡಿಸಿದಂತಿದೆ. ಕೆಟಗರಿ 0 ಅಥವಾ 1ರಿಂದ 3ರವರೆಗೆ ಬದಲಾಗುವವು ಸಿಗುತ್ತವೆ. ಇತಿಮಿತಿ ತಿಳಿದು ಕೊಳ್ಳಬೇಕು ಅಷ್ಟೆ. ಅವು ಕಪ್ಪಾಗುವುದು ಬೇಗ, ತಿಳಿಯಾಗುವುದಕ್ಕೆ ನಿಮಿಷಗಳೇ ಬೇಕು. ಬಿಸಿಲಿನಿಂದ ಥಟ್ಟನೆ ಕಾಡಿನೊಳಗೆ ನುಗ್ಗುವ ಘಾಟಿಯ ಇಳಿಜಾರಿನಲ್ಲಿ ಆ ವೇಳೆ ಸಿಗುವುದಿಲ್ಲ. ಏಪ್ರಿಲ್‌ನ ಸೆಖೆಯಲ್ಲಿ ಅವು ಚಳಿಗಾಲದಲ್ಲಿ ಆಗುವಷ್ಟು ಕಪ್ಪಾಗುವುದೂ ಇಲ್ಲ.

ನಂಬರ್ ಕನ್ನಡಕದವರಿಗೆ ಎರಡು ದಾರಿ. ಬಾಗಿದ ಗಾಜಿಗೇ ನಂಬರ್ ಕೂರಿಸಿಕೊಳ್ಳಬಹುದು, ಆದರೆ ನಂಬರ್ ಹೆಚ್ಚಾದಷ್ಟೂ ಅಂಚಿನ ನೋಟ ಕೆಡುತ್ತದೆ. ಒಳಗೆ ಸಿಕ್ಕಿಸುವ ಪುಟ್ಟ ಕ್ಲಿಪ್ಪು ಅಗ್ಗ, ಏರಿನಲ್ಲಿ ಬೆವರಿ ನಿಧಾನವಾದಾಗ ಮಬ್ಬುಗಟ್ಟುವುದೇ ಅದರ ತೊಂದರೆ. ಒಗ್ಗುವವರಿಗೆ ಕಾಂಟ್ಯಾಕ್ಟ್ ಲೆನ್ಸ್ ಇವೆರಡಕ್ಕಿಂತ ಸುಖ.

ದುಬಾರಿಯಾದದ್ದೇ ಒಳ್ಳೆಯದೆಂದೇನಿಲ್ಲ. ಒಂದೆರಡು ಸಾವಿರದ ಆಸುಪಾಸಿನ ಕನ್ನಡಕಕ್ಕೂ ಕೆಟಗರಿ ಸಂಖ್ಯೆ, ಯುವಿ ಗುರುತು ಇದ್ದು, ಬಗ್ಗಿ ನೋಡುವ ಪರೀಕ್ಷೆಯಲ್ಲಿ ಅದು ಗೆದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಫುಟ್‌ಪಾತಿನ ನಕಲಿ ಬ್ರ್ಯಾಂಡುಗಳನ್ನು ಮಾತ್ರ ದೂರವಿಡಬೇಕು. ಅವುಗಳ ಗಾಜಿನಲ್ಲಿ ನೇರ ಗೆರೆಯೂ ಅಲೆಯಂತೆ ಕಾಣುವುದುಂಟು. ಬಾಗಿಲಿನ ಚೌಕಟ್ಟನ್ನು ಗಾಜಿನ ಮೂಲಕ ನೋಡುತ್ತ ತಲೆ ಆಡಿಸಿದರೆ ತಕ್ಷಣ ಗೊತ್ತಾಗುತ್ತದೆ.

ಪಾಲಿಕಾರ್ಬೊನೇಟಿಗೆ ಏಟು ತಡೆಯುವ ಶಕ್ತಿಯಿದೆ, ಗೀರು ತಡೆಯುವ ಶಕ್ತಿಯಿಲ್ಲ. ಬೆವರಿನ ಉಪ್ಪು, ದೂಳು ಕೂತಿರುವಾಗ ಜೆರ್ಸಿಯ ಅಂಚಿನಿಂದ ಒರೆಸಿದರೆ ಮರಳುಕಾಗದದಿಂದ ಉಜ್ಜಿದ ಹಾಗೆ. ಮೊದಲು ಬಾಟಲಿಯ ನೀರು ಸುರಿದು ತೊಳೆದು, ಆಮೇಲೆ ಮೆತ್ತನೆಯ ಬಟ್ಟೆ ಮುಟ್ಟಿಸಬೇಕು. ಇಷ್ಟಾದರೂ ವರ್ಷ ಒಪ್ಪತ್ತಿನಲ್ಲಿ ನೋಟದ ನಡುವೆಯೇ ಒಂದು ಗೀರು ಬೀಳುತ್ತದೆ. ಆದ್ದರಿಂದ ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಕೇಳಿಕೊಳ್ಳಬೇಕು, ಈ ಮಾದರಿಗೆ ಗಾಜು ಬಿಡಿಯಾಗಿ ಸಿಗುತ್ತದೆಯೇ, ಬಣ್ಣವಿಲ್ಲದ್ದೂ ಸಿಗುತ್ತದೆಯೇ ಎಂದು. ಇಲ್ಲವೆಂದರೆ ಪಕ್ಕದ ಮಾದರಿಯನ್ನು ನೋಡುವುದು ಒಳ್ಳೆಯದು.