ಖಾಲಿ ಎಂದರೆ ಎಷ್ಟು ಖಾಲಿ?

ಪೈಥಾನ್‌ನಲ್ಲಿ ಪಟ್ಟಿಯೊಂದು ಖಾಲಿಯೇ ಎಂದು ನೋಡಲು ಅದರ ಉದ್ದ ಅಳೆಯಬೇಕಿಲ್ಲ. ‘ಇಫ್ ನಾಟ್’ ಎಂದು ಬರೆದು ಪಕ್ಕದಲ್ಲಿ ಪಟ್ಟಿಯ ಹೆಸರು ಹಾಕಿದರೆ ಮುಗಿಯಿತು. 2001ರಲ್ಲಿ ಹುಟ್ಟಿದ ಶೈಲಿ ಕೈಪಿಡಿ ಪೆಪ್ 8 ಕೂಡ ಇದನ್ನೇ ಶಿಫಾರಸು ಮಾಡುತ್ತದೆ. ಒಂದೇ ಪದರದ ಪಟ್ಟಿಗೆ ಈ ಸಲಹೆ ಚೊಕ್ಕ, ಓದಲೂ ಹಿತ. ತಕರಾರು ಶುರುವಾಗುವುದು ಪಟ್ಟಿಯೊಳಗೆ ಪಟ್ಟಿ ಬಂದಾಗ.

ಮೂವರು ವಿದ್ಯಾರ್ಥಿಗಳ ಅಂಕಗಳಿಗೆಂದು [[], [], []] ಎಂಬ ರಚನೆ ಮಾಡಿಟ್ಟಿದ್ದೇವೆ ಎನ್ನಿ. ಒಂದು ಅಂಕವೂ ದಾಖಲಾಗಿಲ್ಲ. ಆದರೂ ಪೈಥಾನ್ ಇದನ್ನು ಖಾಲಿ ಎನ್ನುವುದಿಲ್ಲ. ಹೊರಗಿನ ಪಟ್ಟಿಯಲ್ಲಿ ಮೂರು ಪಟ್ಟಿಗಳಿವೆ, ಅದಕ್ಕೆ ಅಷ್ಟೇ ಸಾಕು. ಹಲವರು ಇದಕ್ಕೆ ಹೇಳುವ ಮದ್ದು ‘ಎನಿ’ ಫಂಕ್ಷನ್. ಇಲ್ಲಿ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ಇಳಿಯುವುದು ಒಂದೇ ಮೆಟ್ಟಿಲು. [[[]]] ಕೊಟ್ಟರೆ ಒಳಗೇನೋ ಇದೆ ಎನ್ನುತ್ತದೆ. [0] ಕೊಟ್ಟರಂತೂ ಏನೂ ಇಲ್ಲ ಎಂದುಬಿಡುತ್ತದೆ. ಸೊನ್ನೆ ಅಂಕ ಪಡೆದವನೂ ಪರೀಕ್ಷೆಗೇ ಬಾರದವನೂ ಅದರ ಲೆಕ್ಕದಲ್ಲಿ ಒಂದೇ.

ದೋಷದ ಬೇರು ಇರುವುದು ಸೊನ್ನೆ, ಖಾಲಿ ಪಟ್ಟಿ, ಖಾಲಿ ಸ್ಟ್ರಿಂಗ್, ‘ನನ್’ ಎಲ್ಲವನ್ನೂ ‘ಸುಳ್ಳು’ ಎಂಬ ಒಂದೇ ಗುಂಪಿಗೆ ಸೇರಿಸಿದ್ದರಲ್ಲಿ. 3.5ನೇ ಆವೃತ್ತಿ ಬರುವವರೆಗೆ ಮಧ್ಯರಾತ್ರಿಯ ಹೊತ್ತನ್ನು ಸೂಚಿಸುವ ಟೈಮ್ ಆಬ್ಜೆಕ್ಟ್ ಕೂಡ ಆ ಗುಂಪಿನಲ್ಲಿತ್ತು! ಜಾವಾಸ್ಕ್ರಿಪ್ಟ್‌ನಲ್ಲಿ ಕಥೆ ಉಲ್ಟಾ: ಅಲ್ಲಿ ಖಾಲಿ ಪಟ್ಟಿಯನ್ನು ‘ಇಫ್’ಗೆ ಕೊಟ್ಟರೆ ‘ನಿಜ’ ಎಂದೇ ಎಣಿಕೆ.

ಸರಿಯಾದ ದಾರಿ ರಿಕರ್ಷನ್. ಕೈಗೆ ಬಂದದ್ದು ಪಟ್ಟಿಯಾದರೆ ಅದರ ಪ್ರತಿ ಸದಸ್ಯವೂ ಖಾಲಿಯೇ ಎಂದು ‘ಆಲ್’ ಮೂಲಕ ಕೇಳಬೇಕು. ಪಟ್ಟಿಯಲ್ಲದಿದ್ದರೆ ಖಾಲಿಯಲ್ಲ ಎನ್ನಬೇಕು. ಖಾಲಿ ಪಟ್ಟಿಯ ಮೇಲೆ ‘ಆಲ್’ ಯಾವಾಗಲೂ ‘ನಿಜ’ ಎನ್ನುವುದರಿಂದ ಖಾಲಿ ಪಟ್ಟಿಗೆಂದೇ ಬೇರೆ ಸಾಲು ಬರೆಯಬೇಕಿಲ್ಲ. ಎರಡೇ ಸಾಲಿನ ಈ ಕೋಡ್ ನಿಜಕ್ಕೂ ಸುಂದರ. ಆದರೆ ‘ಪಟ್ಟಿಯೇ?’ ಎನ್ನುವ ಬದಲು ‘ಇದರಲ್ಲಿ ಲೂಪ್ ಹಾಕಬಹುದೇ?’ ಎಂದು ಕೇಳಿದಿರೋ ಕೆಟ್ಟಿರಿ. ಸ್ಟ್ರಿಂಗ್‌ನ ಒಂದು ಅಕ್ಷರವೂ ಸ್ಟ್ರಿಂಗೇ ಆದ್ದರಿಂದ ಇಳಿಯುವಿಕೆಗೆ ತಳವೇ ಇರುವುದಿಲ್ಲ. ಕೊನೆಗೆ ರಿಕರ್ಷನ್ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ತನ್ನನ್ನೇ ಒಳಗಿಟ್ಟುಕೊಂಡ ಪಟ್ಟಿ ಸಿಕ್ಕರೂ ಅದೇ ಗತಿ.

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು ನಂಪೈ ಮತ್ತು ಪಾಂಡಾಸ್‌ಗಳ ಮೊಂಡುತನ. ಹಲವು ಅಂಶಗಳಿರುವ ನಂಪೈ ಅರೇಯನ್ನಾಗಲಿ ಪಾಂಡಾಸ್‌ನ ಡೇಟಾಫ್ರೇಮನ್ನಾಗಲಿ ‘ಇಫ್’ಗೆ ಕೊಟ್ಟರೆ ಅವು ಊಹೆಗೆ ಹೋಗದೆ ವ್ಯಾಲ್ಯೂ ಎರರ್ ಎಸೆಯುತ್ತವೆ: ಏನು ಬೇಕೆಂದು ಸ್ಪಷ್ಟವಾಗಿ ಕೇಳು. ತಪ್ಪು ಉತ್ತರಕ್ಕಿಂತ ಉತ್ತರ ಕೊಡಲು ಒಲ್ಲೆನೆನ್ನುವುದು ಲೇಸು.

ಪೆಪ್ 8ರ ಸಲಹೆಯನ್ನು ಬಿಡಬೇಕಿಲ್ಲ, ಒಂದೇ ಪದರದ ಪಟ್ಟಿಗೆ ಅದು ಸಾಕು. ಒಳಪದರಗಳಿದ್ದಲ್ಲಿ ಮಾತ್ರ ‘ಖಾಲಿಯೇ?’ ಎಂಬ ಫಂಕ್ಷನ್ ಬರೆಯಬೇಡಿ, ‘ಅಂಕ ದಾಖಲಾಗಿದೆಯೇ?’ ಎಂಬುದನ್ನು ಬರೆಯಿರಿ.